ರಿಜಿಸ್ಟರ್‌ನಲ್ಲಿ ಕಾಣದ ಓದುಗರು

ಆಂಧ್ರದ ಗಡಿಯ ಪಾವಗಡ, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ. ತೆಲುಗಿನಲ್ಲಿ ಸೊಗಸಾಗಿ ಜಗಳ ಆಡುವವರೇ ತೆಲುಗು ಪೇಪರ್ ಕೈಗೆ ಕೊಟ್ಟರೆ ತಡವರಿಸುತ್ತಾರೆ. ಕೆಜಿಎಫ್‌ನಲ್ಲಿ ಚಿನ್ನದ ಗಣಿ ತಮಿಳರನ್ನು ಕರೆತಂದಿತು. ಕೋಲಾರ ಪೇಟೆಯಲ್ಲಿ ಉರ್ದುವೂ ಕಿವಿಗೆ ಬೀಳುತ್ತದೆ. ಇಂಥ ಕಡೆ ಗ್ರಂಥಾಲಯಕ್ಕೆ ಯಾವ ಭಾಷೆಯ ಪುಸ್ತಕ ತರಿಸಬೇಕು? ಜನಗಣತಿ ನೋಡಿದರೆ ಸಾಲದು. ಅದು ಕೇಳುವುದು ಆಡುವ ಭಾಷೆಯನ್ನು, ಓದುವ ಭಾಷೆಯನ್ನಲ್ಲ.

ಹಾಗಾದರೆ ಪುಸ್ತಕ ಎರವಲು ಕೊಟ್ಟ ರಿಜಿಸ್ಟರ್ ನೋಡೋಣ ಅನ್ನಬಹುದು. ಎಡವಟ್ಟು ಇರುವುದೇ ಅಲ್ಲಿ. ಕಪಾಟಿನಲ್ಲಿ ನಾಲ್ಕೇ ಉರ್ದು ಪುಸ್ತಕ ಇದ್ದರೆ, ಉರ್ದು ಓದುವವರು ಒಮ್ಮೆ ಬಂದು ನೋಡಿ ಆಮೇಲೆ ಈ ಕಡೆ ತಲೆ ಹಾಕುವುದಿಲ್ಲ. ರಿಜಿಸ್ಟರ್‌ನಲ್ಲಿ ಬೇಡಿಕೆ ಸೊನ್ನೆ. ಬೇಡಿಕೆ ಇಲ್ಲ ಎಂದು ಮುಂದಿನ ವರ್ಷವೂ ತರಿಸುವುದಿಲ್ಲ. ಬಂದವರನ್ನಷ್ಟೇ ಎಣಿಸಿ ಊರಿನ ಲೆಕ್ಕ ಹೇಳುವ ಈ ತಪ್ಪು ಸಂಖ್ಯಾಶಾಸ್ತ್ರದವರಿಗೆ ಚೆನ್ನಾಗಿ ಗೊತ್ತು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂದು 1931ರಲ್ಲೇ ಸೂತ್ರ ಬರೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು!

ಧರ್ಮದ ಪಾತ್ರ ಎರಡೂ ಬಗೆಯದು. ಜೈನರಲ್ಲಿ ಶಾಸ್ತ್ರದಾನ, ಅಂದರೆ ಗ್ರಂಥಗಳ ದಾನ, ಪುಣ್ಯದ ಕೆಲಸ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಯಿಸಿ ಹಂಚಿದಳು ಎನ್ನುತ್ತಾರೆ. ಅಚ್ಚುಕೂಟ ಇಲ್ಲದ ಕಾಲದಲ್ಲಿ, ಅದೂ ಓಲೆಗರಿಯಲ್ಲಿ! ಆದರೆ ಗ್ರಂಥಾಲಯದ ಕೋಣೆ ಗುಡಿಯ ಪ್ರಾಕಾರದಲ್ಲೋ ಒಂದು ಸಮುದಾಯದ ಭವನದಲ್ಲೋ ಇದ್ದರೆ, ಊರಿನ ಕೆಲವರು ಮೆಟ್ಟಿಲನ್ನೇ ಹತ್ತುವುದಿಲ್ಲ. ಅವರೂ ರಿಜಿಸ್ಟರ್‌ಗೆ ಸಿಗುವುದಿಲ್ಲ.

ಇನ್ನು ರಾಜಕೀಯ, ಅಂದರೆ ಮುಖ್ಯವಾಗಿ ದುಡ್ಡು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ. ಒಳ್ಳೆಯ ಏರ್ಪಾಡೇ. ಆದರೆ ಕಟ್ಟಡ ಜಾಸ್ತಿ ಇದ್ದಲ್ಲಿ ಕರವೂ ಜಾಸ್ತಿ. ತುಮಕೂರು ನಗರಕ್ಕೂ ಪಾವಗಡ ಪಟ್ಟಣಕ್ಕೂ ಹೋಲಿಕೆ ಎಲ್ಲಿಯದು? ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಬಾಕಿ ಉಳಿಸಿಕೊಳ್ಳುವ ಸುದ್ದಿಯಂತೂ ಹಳೆಯದು. ಪುಸ್ತಕದ ಸಗಟು ಖರೀದಿ ನಡೆಯುವುದು ರಾಜ್ಯಮಟ್ಟದಲ್ಲಿ. ಹಾಗಾಗಿ ಕರಾವಳಿಗೆ ಹೋಗುವ ಪುಸ್ತಕವೇ ಗಡಿಯ ತಾಲ್ಲೂಕಿಗೂ ಬರುತ್ತದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ನಿರ್ಧಾರ ಊರಿಗೆ ಹತ್ತಿರವಾದದ್ದು ನನಗೆ ಸರಿಯೆನಿಸುತ್ತದೆ. ಪಂಚಾಯಿತಿಯವರಿಗೆ ಆಸಕ್ತಿ ಇರಬೇಕು, ಅಲ್ವಾ?

ಖರ್ಚಿಲ್ಲದ ಕೆಲಸವೊಂದಿದೆ. ಎರವಲು ರಿಜಿಸ್ಟರ್ ಪಕ್ಕದಲ್ಲಿ ಇನ್ನೊಂದು ನೋಟ್‌ಬುಕ್ ಇಡುವುದು. ಯಾರು ಯಾವ ಭಾಷೆಯಲ್ಲಿ ಏನು ಕೇಳಿದರು, ಏನು ಸಿಗಲಿಲ್ಲ ಎಂದು ಅದರಲ್ಲಿ ಬರೆಯುವುದು. ಖರೀದಿ ಪಟ್ಟಿ ಕಳಿಸುವಾಗ ಅದರ ಪ್ರತಿಯನ್ನೂ ಜೊತೆಗಿಡುವುದು.