ಪದ ಪರಿಚಯ: ಕಾಂತೀಯ ನ್ಯಾನೊಕಣ

ಹಳ್ಳದ ಮರಳಿನಲ್ಲಿ ಸೂಜಿಗಲ್ಲನ್ನು ಎಳೆದಾಡಿದವರಿಗೆ ಅದರ ತುದಿಗೆ ಮೀಸೆಯಂತೆ ಅಂಟಿಕೊಳ್ಳುವ ಕಪ್ಪು ಪುಡಿಯ ಪರಿಚಯವಿರುತ್ತದೆ. ಆ ಪುಡಿಯ ಮುಖ್ಯ ಅಂಶ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಇದೇ ವಸ್ತು 1ರಿಂದ 100 ನ್ಯಾನೊಮೀಟರ್ ಗಾತ್ರದಲ್ಲಿದ್ದರೆ ಅದನ್ನು ಕಾಂತೀಯ ನ್ಯಾನೊಕಣ ಎನ್ನುತ್ತಾರೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೊಮೀಟರ್. ಗಾತ್ರ ಸುಮಾರು 20 ನ್ಯಾನೊಮೀಟರಿಗೆ ಇಳಿದಾಗ ಕಣದ ನಡತೆಯೂ ಬದಲಾಗುತ್ತದೆ: ಸೂಜಿಗಲ್ಲು ಹತ್ತಿರವಿರುವವರೆಗೆ ಸೆಳೆತಕ್ಕೆ ಒಳಗಾಗಿ, ಅದನ್ನು ಸರಿಸಿದೊಡನೆ ತನ್ನ ಕಾಂತತ್ವವನ್ನು ಬಿಟ್ಟುಕೊಡುತ್ತದೆ. (ಗೊಬ್ಬರದ ಅಂಗಡಿಯ ನ್ಯಾನೊ ಯೂರಿಯಾಕ್ಕೂ ಇದಕ್ಕೂ ಹೆಸರಿನ ನಂಟಷ್ಟೇ, ಅದು ಕಾಂತೀಯವಲ್ಲ.)

ಬೆಳೆಗಳಿಗೆ ಈ ಕಣ ಉಪಯೋಗಕ್ಕೆ ಬರಬಹುದೇ ಎಂದು ಸಂಶೋಧಕರು ನೋಡುತ್ತಿದ್ದಾರೆ. ಅಲ್ಲಿ 'ಕಾಂತೀಯ' ಎಂಬ ವಿಶೇಷಣ ಒಂದು ತಪ್ಪು ಕಲ್ಪನೆಗೆ ಎಡೆಗೊಡುತ್ತದೆ. ಗಿಡದೊಳಗೆ ಈ ಕಣವನ್ನು ಮೇಲಕ್ಕೊಯ್ಯುವುದು ಕಾಂತಶಕ್ತಿಯಲ್ಲ, ಎಲೆಗಳಿಂದ ಆವಿಯಾಗುವ ನೀರು ಬೇರಿನಿಂದ ಎಳೆದುಕೊಳ್ಳುವ ಹರಿವು. ಆ ಹರಿವನ್ನು ಸೇರುವ ಮೊದಲು ಕಣ ಹಲವು ಬಾಗಿಲುಗಳನ್ನು ದಾಟಬೇಕು. ಕೋಶಭಿತ್ತಿಯ ರಂಧ್ರಗಳು ಸಾಮಾನ್ಯವಾಗಿ 5ರಿಂದ 20 ನ್ಯಾನೊಮೀಟರ್ ಅಗಲವಿದ್ದು, ದೊಡ್ಡ ಕಣಗಳು ಅಲ್ಲಿಯೇ ನಿಲ್ಲುತ್ತವೆ. ಒಳಗೆ ನುಸುಳಿದವುಗಳಿಗೂ ಬೇರಿನ ನಡುಭಾಗವನ್ನು ಸುತ್ತುವರಿದ ಕ್ಯಾಸ್ಪೇರಿಯನ್ ಪಟ್ಟಿ ಎಂಬ ಮೇಣದಂಥ ತಡೆ ಎದುರಾಗುತ್ತದೆ. 2008ರಲ್ಲಿ ಪ್ರಕಟವಾದ ಕುಂಬಳದ ಪ್ರಯೋಗವೊಂದರಲ್ಲಿ, ನೀರಿನಲ್ಲಿ ಬೆಳೆಸಿದ ಗಿಡಗಳ ಬೇರು, ಕಾಂಡ, ಎಲೆಗಳಲ್ಲಿ ಮ್ಯಾಗ್ನೆಟೈಟ್ ಕಣಗಳು ಸಿಕ್ಕವು. ಮರಳಿನಲ್ಲಿ ಬೆಳೆಸಿದಾಗ ಪ್ರಮಾಣ ಇಳಿಯಿತು, ಮಣ್ಣಿನಲ್ಲಂತೂ ಹೆಚ್ಚುಕಡಿಮೆ ಇಲ್ಲವಾಯಿತು. ಜೇಡಿಯ ಕಣಗಳಿಗೆ ಅಂಟಿ, ತಮ್ಮತಮ್ಮಲ್ಲೇ ಗಂಟುಗಟ್ಟಿ ಅವು ಬೇರನ್ನು ತಲುಪುವುದೇ ಕಷ್ಟ. ಜೇಡಿಯೇ ಮುಖ್ಯವಾಗಿರುವ ಧಾರವಾಡ, ಗದಗಿನ ಎರೆ ಭೂಮಿಗೆ ಪ್ರಯೋಗಶಾಲೆಯ ತೊಟ್ಟಿಯ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು.

ಈ ಎರೆ ಭೂಮಿಯ ಮಾತು ಬಂದಾಗ ಶೇಂಗಾ ನೆನಪಾಗುತ್ತದೆ. ಸುಣ್ಣದಂಶ ಹೆಚ್ಚಿರುವಲ್ಲಿ ಅದರ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ, ಬೇರು ಹೀರಬಲ್ಲ ರೂಪದಲ್ಲಿ ಇಲ್ಲ. ಆದ್ದರಿಂದಲೇ ರೈತರು ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಎಲೆಗೆ ಸಿಂಪಡಿಸುತ್ತಾರೆ. ಎಲೆಹಸಿರಿನ ಅಣುವಿನ ನಡುವೆ ಇರುವುದು ಮೆಗ್ನೀಷಿಯಂ ಆದರೂ ಅದನ್ನು ಕಟ್ಟುವ ಕೆಲಸಕ್ಕೆ ಕಬ್ಬಿಣ ಬೇಕು. ನಿಧಾನವಾಗಿ ಕರಗುವ ನ್ಯಾನೊಕಣ ಆ ಕಬ್ಬಿಣವನ್ನು ಒದಗಿಸಬಹುದೆಂಬ ಆಸೆ ಸಂಶೋಧಕರದು. ಆದರೆ ಪ್ರಮಾಣ ಮೀರಿದರೆ ಅದೇ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡಿನೊಡನೆ ವರ್ತಿಸಿ, ಕೋಶದ ಪೊರೆಯನ್ನು ಹರಿಯುವ ಉಗ್ರ ಆಮ್ಲಜನಕ ರೂಪಗಳನ್ನು ಹುಟ್ಟಿಸುತ್ತದೆ; ಬೇರಿನ ಮೇಲೆ ದಟ್ಟವಾಗಿ ಕುಳಿತ ಕಣಗಳು ನೀರಿನ ದಾರಿಯನ್ನೂ ಮುಚ್ಚಬಲ್ಲವು.

ಸೂಜಿಗಲ್ಲು ನಿಜವಾಗಿ ಕೆಲಸಕ್ಕೆ ಬರುವುದು ಕಣಗಳನ್ನು ಬೇಕಾದ ಜಾಗದಲ್ಲಿ ಹಿಡಿದಿಡುವಾಗ. 2017ರಲ್ಲಿ ಚೀನಾದ ಸಂಶೋಧಕರು ಗಿಡದ ಗುಣವನ್ನು ಬದಲಿಸಬಲ್ಲ ಡಿಎನ್‌ಎ ಹೊತ್ತ ಮ್ಯಾಗ್ನೆಟೈಟ್ ಕಣಗಳನ್ನು ಕಾಂತಕ್ಷೇತ್ರದ ನೆರವಿನಿಂದ ಹತ್ತಿಯ ಪರಾಗದೊಳಕ್ಕೆ ಸೇರಿಸಿದೆವೆಂದು ವರದಿ ಮಾಡಿದರು. 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ನಾಡಿಗೆ ಕೊಟ್ಟ ಧಾರವಾಡದಲ್ಲಿ, ಹೂವಿನ ಕೇಸರವನ್ನು ಕೈಯಿಂದ ಕಿತ್ತು ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ಶ್ರಮವನ್ನು ಬಲ್ಲವರಿಗೆ ಈ ಸುದ್ದಿ ಕುತೂಹಲದ್ದೇ. ಆದರೆ 2020ರಲ್ಲಿ ಬೇರೆ ಪ್ರಯೋಗಾಲಯಗಳು ಗೋವಿನಜೋಳ, ಜೋಳ ಮತ್ತು ಲಿಲ್ಲಿಯ ಪರಾಗದಲ್ಲಿ ಅದೇ ವಿಧಾನವನ್ನು ಅನುಸರಿಸಿ ನೋಡಿದಾಗ ಡಿಎನ್‌ಎ ಒಳಹೊಕ್ಕ ಗುರುತು ಸಿಗಲಿಲ್ಲ.