ಕೆರೆಗಳ ಕೋಡಿಯಿಂದ ಹರಿದ ಕುಮುದ್ವತಿ

ಶಿವಗಂಗೆ ಬೆಟ್ಟ ಹತ್ತಿದವರು ಒಳಕಲ್ ತೀರ್ಥವೆಂಬ ಬಂಡೆಯ ಕುಳಿಯೊಳಗೆ ಕೈ ಹಾಕದೆ ಇಳಿಯುವುದು ಕಡಿಮೆ. ನೀರು ಸಿಕ್ಕರೆ ಪುಣ್ಯವಂತರು ಅಂತ ನಂಬಿಕೆ. ಇದೇ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಕುಮುದ್ವತಿಯಲ್ಲಿ ಮಾತ್ರ ಮಳೆಗಾಲ ಕಳೆದರೆ ನೀರು ಸಿಗುವುದೇ ಅಪರೂಪ.

ನೆಲಮಂಗಲ, ಮಾಗಡಿ ಕಡೆಯ ಊರುಗಳನ್ನು ಹಾದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುವ ಇದು ಹೆಸರಿಗೆ ನದಿ, ನೋಡಿದರೆ ಹಳ್ಳ. ಇದರ ಕಥೆ ಹಳ್ಳದಲ್ಲಿಲ್ಲ, ಕೆರೆಗಳಲ್ಲಿದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಅದೂ ತುಂಬಿದರೆ ಮುಂದಿನದಕ್ಕೆ, ಕೊನೆಗೆ ಹಳ್ಳಕ್ಕೆ. ಕೆರೆಯಲ್ಲಿ ನಿಂತ ನೀರು ನೆಲಕ್ಕಿಳಿದು ತಗ್ಗಿನಲ್ಲಿ ಒರತೆಯಾಗುತ್ತಿತ್ತು.

ಈ ಸಾಲನ್ನು ಕಾಯುತ್ತಿದ್ದವರು ನೀರಗಂಟಿಗಳು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನಿಸುವುದು, ಕಾಲುವೆಯ ಹೂಳು ತೆಗೆಸುವುದು ಅವರ ಕೆಲಸ. ಬಹುತೇಕರು ದಲಿತರು. ಊರ ಗೌಡನ ಗದ್ದೆಗೂ ನೀರು ಬಿಡುವ ಕೈ ಅವರದು, ಆದರೆ ಊರೊಳಗೆ ಅವರಿಗೆ ಜಾಗವಿರಲಿಲ್ಲ. ಹಳೆಯ ವ್ಯವಸ್ಥೆಯನ್ನು ಸುಮ್ನೆ ಹೊಗಳುವವರು ಇದನ್ನು ಮರೆಯುತ್ತಾರೆ. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದ ಕಾಳು, ಜೊತೆಗೆ ಒಂದಿಷ್ಟು ಇನಾಂ ಜಮೀನು. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ಆ ವಂಶಪಾರಂಪರ್ಯ ಚಾಕರಿಯನ್ನು ಕೊನೆಗಾಣಿಸಿತು. ಅದು ಆಗಲೇಬೇಕಿತ್ತು. ಆದರೆ ತೂಬಿನ ಹತ್ತಿರ ದಿನಾ ನಿಲ್ಲುವ ಕೆಲಸಕ್ಕೆ ಸಂಬಳ ಕೊಟ್ಟು ಬೇರೆ ಯಾರನ್ನೂ ಸರಿಯಾಗಿ ನೇಮಿಸಲಿಲ್ಲ. ನನ್ನ ಪ್ರಕಾರ ಹಳ್ಳ ಸೊರಗಲು ಶುರುವಾಗಿದ್ದು ಅಲ್ಲಿಂದ.

ಆಮೇಲಿನದು ಗೊತ್ತಿರುವ ಕಥೆ. ರಾಗಿ ಹೊಲಗಳಿಗೆ ನೀಲಗಿರಿ ಬಂತು, ಕೊಳವೆಬಾವಿ ಆಳಕ್ಕಿಳಿಯುತ್ತಾ ಹೋಯಿತು, ರಾಜಕಾಲುವೆಗಳು ಒತ್ತುವರಿಯಾದವು. ಕೆರೆ ಕೋಡಿ ಬೀಳುವುದೇ ಸುದ್ದಿಯಾಯಿತು.

ಪೆಟ್ಟು ಬಿದ್ದಿದ್ದು ಬೆಂಗಳೂರಿಗೂ. ಎರಡು ನದಿ ಕೂಡುವಲ್ಲಿ 1933ರಲ್ಲಿ ಕಟ್ಟಿದ ಜಲಾಶಯ ದಶಕಗಳ ಕಾಲ ನಗರಕ್ಕೆ ಕುಡಿಯುವ ನೀರು ಕೊಟ್ಟಿತ್ತು. ಒಳಹರಿವು ಕುಸಿದ ಮೇಲೆ, 2003ರಲ್ಲಿ ಸರ್ಕಾರ ಜಲಾನಯನ ಪ್ರದೇಶದಲ್ಲಿ ಕಟ್ಟಡ, ಕಾರ್ಖಾನೆಗಳಿಗೆ ನಿರ್ಬಂಧ ಹಾಕಿತು. 2019ರಲ್ಲಿ ಅದನ್ನೂ ಸಡಿಲಿಸಿತು. ಈಗ ಅದೇ ಜಲಾಶಯಕ್ಕೆ ಸಕಲೇಶಪುರದ ಕಡೆಯಿಂದ ಎತ್ತಿನಹೊಳೆ ನೀರು ತರುವ ಯೋಜನೆ ಇದೆ. ಮೇಲೆ, ಶಿವಗಂಗೆ ಸೀಮೆಯ ಕಾಲುವೆಗಳಲ್ಲಿ ಇನ್ನೂ ಹೂಳು.