ಅಜ್ಜಿಯ ಕೈಗೆ ಯಾವ ಪ್ರಾಣಿ ಗೊತ್ತು?

ಮರೆವಿನ ಕಾಯಿಲೆಯ ಹಿರಿಯರು ಆಸ್ಪತ್ರೆ ಸೇರಿದರೆ ಮನೆಯಲ್ಲಿದ್ದ ಹಿಡಿತವೂ ತಪ್ಪುತ್ತದೆ. ಊಟ ಬೇಡ ಅನ್ನುತ್ತಾರೆ, ಡ್ರಿಪ್ ಕೀಳುತ್ತಾರೆ, ಸಂಜೆಯಾದರೆ ‘ಮನೆಗೆ ಹೋಗೋಣ’ ಎಂದು ಹಠ. ಪಳಗಿದ ಪ್ರಾಣಿಯನ್ನು ಹತ್ತಿರ ತಂದರೆ ಮರೆವು ವಾಸಿಯಾಗುವುದಿಲ್ಲ. ಹಲವರಲ್ಲಿ ಚಡಪಡಿಕೆ ಇಳಿದು ಮಾತು ಹೊರಡುತ್ತದೆ, ಅಷ್ಟೇ. ಆ ಹೊತ್ತಿಗೆ ಅದು ಸಣ್ಣದಲ್ಲ.

ಇವರು ಯಾವ ಪ್ರಾಣಿಯ ಜೊತೆ ಬಾಳಿದವರು ಎಂದು ಮನೆಯವರನ್ನು ಮೊದಲು ಕೇಳಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯ ಎಷ್ಟೋ ಹಳಬರಿಗೆ ನಾಯಿ ಅಂಗಳದ ಜೀವ, ಜಗುಲಿ ಹತ್ತುವಂಥದ್ದಲ್ಲ. ಮಡಿಯಲ್ಲಿ ಬದುಕಿದ ಅಜ್ಜಿಯ ಹಾಸಿಗೆಗೆ ಲ್ಯಾಬ್ರಡಾರ್ ಮೂತಿಯಿಟ್ಟರೆ ಅದು ಹಿಂಸೆ. ಆ ಕೈಗೆ ಗೊತ್ತಿರುವುದು ಮಲೆನಾಡು ಗಿಡ್ಡ ತಳಿಯ ಹಸುವಿನ ಗಂಗೆದೊಗಲು, ಕೊರಳ ಕೆಳಗೆ ಜೋಲುವ ತೊಗಲು. ಹಸುವನ್ನು ವಾರ್ಡಿಗೆ ತರಲಾಗದು. ಕೊರಳ ಗಂಟೆ, ಕೊಟ್ಟಿಗೆಯ ಫೋಟೊ ತರಬಹುದು. ಮಗನ ಹೆಸರು ಮರೆತವರೂ ಕೆಂಪಿ, ಗೌರಿ ಎಂದು ದನಗಳನ್ನು ಕರೆಯುವುದುಂಟು.

ಒಂದೆರಡು ದಿನದಲ್ಲೇ ಗೊಂದಲ ಶುರುವಾಗಿ ಗೋಡೆಯ ಮೇಲೆ ಹಾವು ಕಾಣುತ್ತಿದ್ದರೆ ಅದನ್ನು ಬರೀ ಮರೆವೆಂದು ಬಿಡಬೇಡಿ, ಡೆಲಿರಿಯಂ, ಅಂದರೆ ದೇಹದ ಬೇರೆ ತೊಂದರೆಯಿಂದ ದಿಢೀರನೆ ಬರುವ ಗೊಂದಲ, ಇರಬಹುದು. ಸೋಂಕು, ರಕ್ತದಲ್ಲಿ ಸೋಡಿಯಂ ಇಳಿತ, ಮೂತ್ರ ಕಟ್ಟಿರುವುದು, ಮಲಬದ್ಧತೆ ಹುಡುಕಿ. ಆಗ ನಾಯಿ ತರಲೇಬಾರದು. ತೆರೆದ ಗಾಯ, ಕುಗ್ಗಿದ ರೋಗನಿರೋಧಕ ಶಕ್ತಿ ಇದ್ದವರಿಗೂ ಬೇಡ.

ನಾಯಿಯ ಒಡನಾಟ ಇದ್ದವರಿಗೆ ನಾಯಿಯನ್ನೇ ತರಬಹುದು. ಅದಕ್ಕೆ ರೇಬೀಸ್, ಇಲಿಜ್ವರದ ಲಸಿಕೆ ಆಗಿರಬೇಕು, ಹಿಂದಿನ ದಿನ ಸ್ನಾನ, ಉಗುರು ಕತ್ತರಿಸಿ ಉಜ್ಜಿರಬೇಕು. ನಮ್ಮ ಮಲೆನಾಡಿನಲ್ಲಿ ಉಣುಗನ್ನೂ ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಅದರಿಂದ. ಕಾಡಂಚಿನಲ್ಲಿ ಅಡ್ಡಾಡುವ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯಡಿ ಬೆರಳಾಡಿಸಿ ಹುಡುಕಿ.

ಹೊತ್ತು ಬೆಳಿಗ್ಗೆ ಹತ್ತರಿಂದ ಹನ್ನೊಂದು. ಸಂಜೆ ಗೊಂದಲ ಹೆಚ್ಚು. ಹತ್ತು-ಹದಿನೈದು ನಿಮಿಷ ಸಾಕು. ಕನ್ನಡಕ, ಕಿವಿಯ ಯಂತ್ರ ಹಾಕಿಸಿ, ಗಾಲಿಕುರ್ಚಿಯ ಬ್ರೇಕ್ ಒತ್ತಿ, ಮಡಿಲಿಗೆ ತೊಳೆದ ಟವೆಲ್ ಹಾಸಿ. ನಾಯಿ ಎದುರಿನಿಂದ ನುಗ್ಗಬಾರದು, ಕಣ್ಣಿಗೆ ಬೀಳುವಂತೆ ಪಕ್ಕದಿಂದ ಬರಲಿ. ಮುಷ್ಟಿ ಬಿಗಿದ ಕೈಯನ್ನು ಎಳೆಯಬೇಡಿ. ಗೆಣ್ಣುಗಳನ್ನು ನಾಯಿಯ ಭುಜದ ಕೂದಲಿಗೆ ತಾಗಿಸಿ ಸುಮ್ಮನಿರಿ. ಬೆಚ್ಚಗಿನ ಮೈ ಉಸಿರಾಡುತ್ತಿದ್ದಂತೆ ಒಂದೊಂದೇ ಬೆರಳು ಸಡಿಲಾದೀತು. ಆಗದಿದ್ದರೂ ಒತ್ತಾಯ ಬೇಡ.

ರೋಗಿಯ ಕೈಗೆ ನಾಯಿ ಬಿಸ್ಕತ್ತು ಕೊಡಲೇಬೇಡಿ. ತಿನಿಸೆಂದು ತಾವೇ ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮುಪ್ಪಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಉಗುರು ತಾಗಿ ಗೀರಿದರೆ, ಲಸಿಕೆ ಹಾಕಿದ ನಾಯಿಯಾದರೂ, 15 ನಿಮಿಷ ಸೋಪು ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ನಾಯಿ ಮುಖ ತಿರುಗಿಸಿ ತುಟಿ ನೆಕ್ಕುತ್ತ ಆಕಳಿಸಿದರೆ ಅದಕ್ಕೆ ಸಾಕಾಗಿದೆ, ಕರೆದೊಯ್ಯಿರಿ.

ಮುಗಿದೊಡನೆ ಎಲ್ಲರೂ ಕೈ ತೊಳೆಯಿರಿ. ನಂತರದ ಅರ್ಧ ಗಂಟೆಯನ್ನು ಕಳೆದುಕೊಳ್ಳಬೇಡಿ. ಗಂಜಿ ಕುಡಿಸಲು, ನಾಲ್ಕು ಹೆಜ್ಜೆ ನಡೆಸಲು ಒಪ್ಪುವ ಹೊತ್ತು ಅದು.